ಹೆಡರ್ ಬೋಲ್ಟು ಎಷ್ಟು ಟೈಟ್ ಮಾಡಿದರೂ ಲೂಸ್ ಆಗೋದು ಯಾಕೆ?

ಪ್ರೆಶರ್ ಕುಕ್ಕರ್ ಹಿಡಿಕೆಯ ಸ್ಕ್ರೂ ನೋಡಿದ್ದೀರಲ್ವಾ? ಅದನ್ನು ಯಾರೂ ಬಿಚ್ಚುವುದಿಲ್ಲ. ಆದರೂ ಆರು ತಿಂಗಳಿಗೊಮ್ಮೆ ಹಿಡಿಕೆ ಲೊಡಲೊಡ ಅನ್ನುತ್ತದೆ. ದಿನಾ ಕಾಯುತ್ತದೆ, ದಿನಾ ಆರುತ್ತದೆ, ಸಿಂಕಿನಲ್ಲಿ ದಡಬಡ ಅಂತ ಏಟು ತಿನ್ನುತ್ತದೆ. ಈಗ ಅದೇ ಸ್ಕ್ರೂವನ್ನು 800 ಡಿಗ್ರಿ ಬಿಸಿ ಹೊಗೆ ಉಗುಳುವ ಇಂಜಿನ್ನಿನ ಪಕ್ಕಕ್ಕೆ ಸಿಕ್ಕಿಸಿ, ಇಂಜಿನ್ನನ್ನು ನಿಮಿಷಕ್ಕೆ ಆರು ಸಾವಿರ ಸುತ್ತು ಓಡಿಸಿ. ಕಾರಿನ ಹೆಡರನ್ನು, ಅಂದರೆ ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಪೈಪುಗಳ ಗೊಂಚಲನ್ನು, ಹಿಡಿದಿರುವ ಬೋಲ್ಟಿನ ದಿನಚರಿ ಅದು.

ಈ ವರ್ಷ ನನಗೆ ಗೊತ್ತಿರುವ ನಾಲ್ಕು ಜನ ಹಳೇ ಪೆಟ್ರೋಲ್ ಕಾರು ತಗೊಂಡು, ಇಂಜಿನ್ ಸ್ವಲ್ಪ ಹುರುಪಾಗಲಿ ಅಂತ ಹೆಡರ್ ಹಾಕಿಸಿದರು. ನಾಲ್ಕೂ ಜನರದ್ದು ಒಂದೇ ದೂರು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್. ಗ್ಯಾರೇಜಿಗೆ ಹೋದರೆ ಬೋಲ್ಟು ಲೂಸ್ ಅಂತಾರೆ, ಟೈಟ್ ಮಾಡ್ತಾರೆ, ಹದಿನೈದು ದಿನಕ್ಕೆ ಮತ್ತೆ ಅದೇ ರಾಗ. ನನ್ನ ಕಾರಿನಲ್ಲೂ ಇದೇ ಆಗಿತ್ತು. ಎಂಟು ಬೋಲ್ಟುಗಳಲ್ಲಿ ಕೊನೆಯದು, ಕೈಯೂ ಹೋಗದ ಮೂಲೆಯಲ್ಲಿರುವ ಎಂಟನೆಯದು, ನನಗೆ ಒಂದು ವರ್ಷ ಪಾಠ ಹೇಳಿತು. ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಗೆ ಎರಡಡಿ ಪೈಪು ತೂರಿಸಿ ಎಳೆದರು. "ಇನ್ನು ಜನ್ಮದಲ್ಲಿ ಬಿಚ್ಚಲ್ಲ ಸಾರ್" ಅಂದರು. ಬಿಚ್ಚಲಿಲ್ಲ ನಿಜ, ಬೋಲ್ಟು ತನ್ನ ಜೊತೆ ತೂತಿನೊಳಗಿನ ಅಲ್ಯೂಮಿನಿಯಂ ತ್ರೆಡ್ಡನ್ನೇ (ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆ) ಸುತ್ತಿಕೊಂಡು ಹೊರಗೆ ಬಂತು.

ಹೆಡರ್ ಅಂದರೆ ಯಾವುದು

ಇಂಜಿನ್ ಒಳಗೆ ಪೆಟ್ರೋಲ್ ಉರಿದ ಮೇಲೆ ಹೊಗೆ ಹೊರಗೆ ಹೋಗಬೇಕು. ಪ್ರತಿ ಸಿಲಿಂಡರಿಗೂ ಒಂದೊಂದು ಕಿಂಡಿ ಇರುತ್ತದೆ, ಅದಕ್ಕೆ ಪೋರ್ಟ್ ಅಂತಾರೆ. ಈ ಕಿಂಡಿಗಳಿರುವ ಇಂಜಿನ್ನಿನ ಮೇಲ್ಭಾಗವೇ ಸಿಲಿಂಡರ್ ಹೆಡ್. ಈಗಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ. ನಾಲ್ಕೂ ಕಿಂಡಿಯ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರ್ ಪೈಪಿಗೆ ದಾಟಿಸುವ ಭಾಗ ಮ್ಯಾನಿಫೋಲ್ಡ್. ಹಳೇ ಕಾರುಗಳಲ್ಲಿ ಕಂಪನಿಯಿಂದ ಬರುತ್ತಿದ್ದುದು ಹೆಚ್ಚಾಗಿ ಬೀಡು ಕಬ್ಬಿಣದ ಎರಕ. ದಪ್ಪ, ಭಾರ, ಗಟ್ಟಿ.

ಹೆಡರ್ ಮಾಡುವುದೂ ಅದೇ ಕೆಲಸವನ್ನೇ, ರೀತಿ ಬೇರೆ. ಪ್ರತಿ ಸಿಲಿಂಡರಿಗೂ ಒಂದು ಬೇರೆ ಪೈಪು, ಸಾಧ್ಯವಾದಷ್ಟು ಒಂದೇ ಉದ್ದ, ಕೊನೆಗೆ ಎಲ್ಲ ಒಂದೇ ಕಡೆ ಸೇರುತ್ತವೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಗುಕ್ಕು ಗುಕ್ಕಾಗಿ ಬರುತ್ತದೆ. ಒಂದು ಗುಕ್ಕು ಪೈಪಿನಲ್ಲಿ ಓಡಿ ಹೋದಾಗ ಅದರ ಬೆನ್ನಿಗೆ ಸ್ವಲ್ಪ ಎಳೆತ ಉಳಿಯುತ್ತದೆ. ಪೈಪಿನ ಉದ್ದ ಸರಿಯಾಗಿದ್ದರೆ ಆ ಎಳೆತ ಮುಂದಿನ ಸಿಲಿಂಡರಿನ ಹೊಗೆಯನ್ನು ಹೊರಗೆ ಎಳೆಯೋಕೆ ನೆರವಾಗುತ್ತದೆ. ಅಮೆರಿಕದ ವಿ8 (ಎಂಟು ಸಿಲಿಂಡರ್) ಕಾರುಗಳ ರೇಸ್ ಹುಚ್ಚಿನಲ್ಲಿ ಬೆಳೆದ ಉಪಾಯ ಇದು, ಅಲ್ಲಿ ಇವತ್ತಿಗೂ ಮನೆ ಮುಂದೆಯೇ ಕೂತು ಹೆಡರ್ ಕೂರಿಸುವವರಿದ್ದಾರೆ.

ತೊಂದರೆ ಏನು ಅಂದರೆ ಹೆಡರ್ ಪೈಪು ತೆಳು. ಗೋಡೆಯ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ಅದನ್ನು 8 ಅಥವಾ 10 ಮಿ.ಮೀ. ದಪ್ಪದ ಒಂದು ಪಟ್ಟಿಗೆ ವೆಲ್ಡ್ ಮಾಡಿರುತ್ತಾರೆ. ಈ ಪಟ್ಟಿಯೇ ಫ್ಲೇಂಜ್. ಫ್ಲೇಂಜಿಗೂ ಹೆಡ್ಡಿಗೂ ನಡುವೆ ಗ್ಯಾಸ್ಕೆಟ್, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಪ್ಯಾಕಿಂಗ್. ಇಷ್ಟನ್ನೂ ಒಟ್ಟಿಗೆ ಹಿಡಿದಿರುವುದು ಬೆರಳು ಗಾತ್ರವೂ ಇಲ್ಲದ ಕೆಲವು ಬೋಲ್ಟು, ಸಾಮಾನ್ಯವಾಗಿ 8 ಮಿ.ಮೀ. ಬೀಡಿನ ಮ್ಯಾನಿಫೋಲ್ಡ್ ನಿಧಾನಕ್ಕೆ ಕಾದು ನಿಧಾನಕ್ಕೆ ಆರುತ್ತದೆ. ಹೆಡರ್ ಹಾಗಲ್ಲ, ತೆಳು ದೋಸೆಕಲ್ಲಿನ ಹಾಗೆ ಸರ್ರನೆ ಕಾದು ಸರ್ರನೆ ಆರುತ್ತದೆ. ಕಂಪನಿ ಮ್ಯಾನಿಫೋಲ್ಡಿನಲ್ಲಿ ಹತ್ತು ವರ್ಷ ಸುಮ್ನಿದ್ದ ಬೋಲ್ಟು ಹೆಡರ್ ಬಂದ ತಿಂಗಳಲ್ಲೇ ಯಾಕೆ ತಕರಾರು ತೆಗೆಯುತ್ತದೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

(ಹೊಸ ಟರ್ಬೊ ಕಾರಿನವರಿಗೆ ಒಂದು ಮಾತು. ಟರ್ಬೊ ಅಂದರೆ ಹೊಗೆಯ ಬಲದಿಂದಲೇ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಪಂಪು. ಈಗಿನ ಕೆಲವು ಇಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನ ಒಳಗೇ ಎರಕವಾಗಿರುತ್ತದೆ. ಸ್ಕೋಡಾ ಕಂಪನಿಯ ಆಕ್ಟೇವಿಯಾ ಆರ್‌ಎಸ್‌ನಲ್ಲಿ ಬಂದ 2 ಲೀಟರ್ ಟಿಎಸ್‌ಐ ಪೆಟ್ರೋಲ್ ಇಂಜಿನ್ ಹಾಗೆ. ಅಲ್ಲಿ ಹೆಡರ್ ಅನ್ನೋ ಪ್ರಶ್ನೆಯೇ ಇಲ್ಲ, ಟರ್ಬೊ ಹಿಡಿದಿರುವ ನಟ್ಟುಗಳ ಕತೆ ಮಾತ್ರ ಇದೇ.)

ಬೋಲ್ಟು ಅಂದರೆ ಬಲು ಗಟ್ಟಿ ರಬ್ಬರ್ ಬ್ಯಾಂಡು

ಬೋಲ್ಟನ್ನು ನಾವು ಮೊಳೆಯ ಹಾಗೆ ನೋಡುತ್ತೇವೆ, ಒಳಗೆ ಹೋಗಿ ಕೂತು ಹಿಡಿದುಕೊಳ್ಳುವ ವಸ್ತು ಅಂತ. ಆದರೆ ಅದು ಕೆಲಸ ಮಾಡುವುದು ರಬ್ಬರ್ ಬ್ಯಾಂಡಿನ ಹಾಗೆ. ತಲೆ ಫ್ಲೇಂಜಿಗೆ ತಾಗಿದ ಮೇಲೂ ತಿರುಗಿಸುತ್ತಾ ಹೋದರೆ ಬೋಲ್ಟಿನ ಕಾಂಡ ಹಿಗ್ಗುತ್ತದೆ. ಹಿಗ್ಗಿದ್ದು ವಾಪಸ್ ಕುಗ್ಗೋಕೆ ನೋಡುತ್ತದೆ. ಆ ಎಳೆತವೇ ಫ್ಲೇಂಜನ್ನು ಹೆಡ್ಡಿಗೆ ಒತ್ತಿ ಹಿಡಿಯುತ್ತದೆ. ಟಾರ್ಕ್ ಅಂದರೆ ತಿರುಗಿಸುವ ಬಲ, ನ್ಯೂಟನ್ ಮೀಟರ್ ಲೆಕ್ಕ. 25 ನ್ಯೂಟನ್ ಮೀಟರ್ ಅಂದರೆ ಒಂದಡಿ ಸ್ಪ್ಯಾನರಿನ ತುದಿಗೆ ಎಂಟೂವರೆ ಕೆಜಿ ತೂಗುಹಾಕಿದ ಹಾಗೆ.

ಒಂದು ಸಣ್ಣ ಲೆಕ್ಕ ಮಾಡೋಣ, ಇಡೀ ವಿಷಯ ಇದರಲ್ಲೇ ಇದೆ. 8 ಮಿ.ಮೀ. ಬೋಲ್ಟನ್ನು 25 ನ್ಯೂಟನ್ ಮೀಟರಿಗೆ ಟೈಟ್ ಮಾಡಿದರೆ ಅದು ಸುಮಾರು ಒಂದೂವರೆ ಟನ್ ಬಲದಿಂದ ಒತ್ತುತ್ತದೆ. ಒಂದು ಸಣ್ಣ ಕಾರನ್ನು ಎತ್ತಿ ಹಿಡಿಯುವಷ್ಟು. ಕೇಳೋಕೆ ಭಾರಿ ಅನಿಸುತ್ತದೆ ಅಲ್ವಾ? ಆದರೆ ಅಷ್ಟು ಬಲಕ್ಕೆ ಆ ಬೋಲ್ಟು ಹಿಗ್ಗಿರುವುದು ಎಷ್ಟು ಗೊತ್ತಾ? ಹೆಡರ್ ಬೋಲ್ಟಿನಲ್ಲಿ ಹಿಗ್ಗುವ ಭಾಗ 20 ಮಿ.ಮೀ. ಇದ್ದರೆ ಹೆಚ್ಚು, ಅದು ಹಿಗ್ಗುವುದು ಸುಮಾರು 0.04 ಮಿ.ಮೀ. ತಲೆಗೂದಲಿನ ಅರ್ಧದಷ್ಟು. ಒಂದೂವರೆ ಟನ್ ನಿಂತಿರುವುದು ಆ ಅರ್ಧ ಕೂದಲಿನ ಮೇಲೆ. ಕೆಳಗಿರುವ ಗ್ಯಾಸ್ಕೆಟ್ಟೋ ಬಣ್ಣವೋ ಮಸಿಯೋ ಒತ್ತಿಕೊಂಡು 0.02 ಮಿ.ಮೀ. ತೆಳುವಾಗಿ ಅಡಗಿತು ಅಂದರೆ, ಬೋಲ್ಟು ಒಂದಿಷ್ಟೂ ತಿರುಗದೆಯೇ ಹಿಡಿತ ಅರ್ಧ ಹೋಯಿತು.

ಇನ್ನೊಂದು ತಮಾಷೆ ಇದೆ. ನೀವು ಸ್ಪ್ಯಾನರಿಗೆ ಹಾಕುವ ಬಲ ಹೆಚ್ಚಾಗಿ ಉಜ್ಜಾಟದಲ್ಲೇ ಮುಗಿದುಹೋಗುತ್ತದೆ. ಅಂದಾಜು ಅರ್ಧ ಬೋಲ್ಟಿನ ತಲೆಯ ಕೆಳಗೆ, 40 ಪರ್ಸೆಂಟ್ ತ್ರೆಡ್ಡಿನಲ್ಲಿ. ಬೋಲ್ಟನ್ನು ಹಿಗ್ಗಿಸೋಕೆ ಉಳಿಯುವುದು 10 ಪರ್ಸೆಂಟ್. ತುಕ್ಕು ಹಿಡಿದ ತ್ರೆಡ್ಡಾದರೆ ಆ ಹತ್ತೂ ಇಲ್ಲ. ಟಾರ್ಕ್ ರೆಂಚು (ಹೇಳಿದ ಟಾರ್ಕ್ ಮುಟ್ಟಿದಾಗ ಸದ್ದು ಮಾಡುವ ಸ್ಪ್ಯಾನರ್) ಕಟಕ್ ಅಂತು, ಕೈಗೆ ಟೈಟ್ ಅನಿಸಿತು, ಆದರೆ ಬೋಲ್ಟು ಹಿಗ್ಗಿಯೇ ಇಲ್ಲ. ಎಣ್ಣೆ ಹಚ್ಚಿದ್ದರೆ ಉಲ್ಟಾ, ಅದೇ ಟಾರ್ಕಿಗೆ ಲೆಕ್ಕಕ್ಕಿಂತ ಜಾಸ್ತಿ ಹಿಗ್ಗುತ್ತದೆ.

ಬಿಸಿಯಾದಾಗ ಯಾರು ಎಷ್ಟು ಬೆಳೆಯುತ್ತಾರೆ

ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಚಕ್ರಕ್ಕೆ ಹಾಕಿ ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಲೋಹ ಬಿಸಿಗೆ ಬೆಳೆಯುತ್ತದೆ. ಒಂದೊಂದು ಲೋಹ ಒಂದೊಂದು ಅಳತೆಗೆ.

ಒಂದು ಮೀಟರ್ ಉದ್ದದ ಸರಳು 100 ಡಿಗ್ರಿ ಬಿಸಿಯಾದರೆ ಸಾದಾ ಉಕ್ಕು ಸುಮಾರು 1.2 ಮಿ.ಮೀ. ಬೆಳೆಯುತ್ತದೆ, ಹೆಡರಿಗೆ ಬಳಸುವ 304 ಸ್ಟೇನ್‌ಲೆಸ್ 1.7, ಅಲ್ಯೂಮಿನಿಯಂ 2.3. ಹಾಗಿದ್ದರೆ ಅಲ್ಯೂಮಿನಿಯಂ ಹೆಡ್ಡೇ ಜಾಸ್ತಿ ಬೆಳೆಯಬೇಕಲ್ಲ ಅಂತ ಅನಿಸುತ್ತದೆ. ಆದರೆ ಹೆಡ್ಡಿನ ಒಳಗೆ ಇಂಜಿನ್ ತಣಿಸುವ ಕೂಲಂಟ್ ಹರಿಯುತ್ತಿರುತ್ತದೆ, ಹೆಡ್ಡು 100 ಡಿಗ್ರಿ ಸುತ್ತಮುತ್ತಲೇ ನಿಲ್ಲುತ್ತದೆ. ಫ್ಲೇಂಜಿಗೆ ಆ ಭಾಗ್ಯ ಇಲ್ಲ. ಅದು 400 ಡಿಗ್ರಿ ಮುಟ್ಟಿತು ಎಂದಿಟ್ಟುಕೊಳ್ಳಿ. ನಾಲ್ಕು ಸಿಲಿಂಡರ್ ಇಂಜಿನ್ನಿನ 380 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಫ್ಲೇಂಜು ಆಗ ಸುಮಾರು 2.4 ಮಿ.ಮೀ. ಬೆಳೆದಿರುತ್ತದೆ, ಹೆಡ್ಡಿನ ಅಷ್ಟೇ ಉದ್ದ 0.7 ಮಿ.ಮೀ. ಕೂಡ ಬೆಳೆದಿರುವುದಿಲ್ಲ. ಮಧ್ಯದ ಬೋಲ್ಟುಗಳ ಹತ್ತಿರ ಏನೂ ಗೊತ್ತಾಗುವುದಿಲ್ಲ. ಎರಡೂ ತುದಿಯಲ್ಲಿ ಮಾತ್ರ ಫ್ಲೇಂಜು ಹೆಡ್ಡಿನ ಮೇಲೆ ಮುಕ್ಕಾಲು ಮಿಲಿಮೀಟರಿಗೂ ಜಾಸ್ತಿ ಜಾರುತ್ತದೆ. ಆರಿದಾಗ ವಾಪಸ್ ಜಾರುತ್ತದೆ. ಆಫೀಸಿಗೆ ಹೋಗಿ ಬಂದರೆ ದಿನಕ್ಕೆ ಎರಡು ಸಲ. ಯಾವಾಗಲೂ ತುದಿ ಬೋಲ್ಟೇ ಮೊದಲು ಯಾಕೆ ಲೂಸ್ ಆಗುತ್ತದೆ, ನನ್ನ ಎಂಟನೆಯದು ಯಾಕೆ ಕಾಟ ಕೊಟ್ಟಿತು ಅನ್ನೋದಕ್ಕೆ ಇದು ಒಂದು ಕಾರಣ. ಒಂದೇ ಕಾರಣ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಇದಕ್ಕೇ ಒಳ್ಳೆಯ ಹೆಡರಿನಲ್ಲಿ ತುದಿಯ ತೂತುಗಳು ದುಂಡಗಿರುವುದಿಲ್ಲ, ಸ್ವಲ್ಪ ಉದ್ದಕ್ಕೆ ಕೊರೆದಿರುತ್ತಾರೆ, ಜಾರೋಕೆ ಜಾಗ ಬೇಕಲ್ಲ. ಕೆಲವರು ಪೋರ್ಟ್ ಪೋರ್ಟಿನ ನಡುವೆ ಫ್ಲೇಂಜನ್ನೇ ಗರಗಸದಲ್ಲಿ ಸೀಳಿರುತ್ತಾರೆ. ರೈಲು ಹಳಿಯ ನಡುವೆ ಸಂದು ಬಿಟ್ಟ ಹಾಗೆ, ಒಂದೊಂದು ತುಂಡು ತನ್ನಷ್ಟಕ್ಕೆ ಬೆಳೆಯಲಿ ಅಂತ. ನೋಡಿದರೆ ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ, ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ.

ಉದ್ದಕ್ಕೆ ಬೆಳೆಯುವುದು ಒಂದು, ದಪ್ಪಕ್ಕೆ ಬೆಳೆಯುವುದು ಇನ್ನೊಂದು. 10 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಫ್ಲೇಂಜು ಅಷ್ಟೇ ಬಿಸಿಯಾದ ಉಕ್ಕಿನ ಬೋಲ್ಟಿಗಿಂತ ಸುಮಾರು 0.02 ಮಿ.ಮೀ. ಜಾಸ್ತಿ ಉಬ್ಬುತ್ತದೆ. ಬೋಲ್ಟು ಮೊದಲೇ ಹಿಗ್ಗಿದ್ದದ್ದು 0.04. ಅದರ ಮೇಲೆ ಇದೂ ಸೇರಿದರೆ ಒಂದೂವರೆ ಪಟ್ಟು. ಗ್ಯಾಸ್ಕೆಟ್ಟು ಸ್ವಲ್ಪ ಹೀರಿಕೊಳ್ಳುತ್ತದೆ, ಆದರೂ ಸಾದಾ ಬೋಲ್ಟು 300 ಡಿಗ್ರಿ ದಾಟಿದ ಮೇಲೆ ಸುಸ್ತಾಗೋಕೆ ಶುರು. ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿದುಬಿಡುತ್ತದೆ, ಹಳೇ ಚಡ್ಡಿಯ ಎಲಾಸ್ಟಿಕ್ಕಿನ ಹಾಗೆ. ಇಂಜಿನ್ ಆರಿದಾಗ ಬೋಲ್ಟಿನ ಉದ್ದ ಕೂದಲೆಳೆಯಷ್ಟು ಜಾಸ್ತಿ, ಹಿಡಿತ ಅಷ್ಟು ಕಡಿಮೆ. ಪೈಪು ತೂರಿಸಿ ಎಳೆದವರು ಮಾಡಿದ ತಪ್ಪು ಇದು. ಮೊದಲೇ ಹದ ಮೀರಿ ಹಿಗ್ಗಿಸಿದ ಬೋಲ್ಟಿಗೆ ಬಿಸಿಯಲ್ಲಿ ಇನ್ನೂ ಹಿಗ್ಗೋಕೆ ಜಾಗವೇ ಇರಲಿಲ್ಲ.

ನವಾರಿನ ಮಂಚ

ಹೊಸದಾಗಿ ನವಾರು ಬಿಗಿದ ಮಂಚದ ಮೇಲೆ ನಾಲ್ಕು ದಿನ ಮಲಗಿದರೆ ಜೋಲು ಬೀಳುತ್ತದೆ. ನವಾರು ಕಿತ್ತಿಲ್ಲ, ಗಂಟು ಬಿಚ್ಚಿಲ್ಲ. ನೂಲು ನೂಲು ಒಂದಕ್ಕೊಂದು ಒತ್ತಿಕೊಂಡು ಅಡಗಿದೆ ಅಷ್ಟೇ. ಇನ್ನೊಂದು ಸಲ ಎಳೆದು ಕಟ್ಟಿದರೆ ಆಮೇಲೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಹೊಸ ಗ್ಯಾಸ್ಕೆಟ್ಟೂ ಹಾಗೇ. ಮೊದಲ ಸಲ ಬಿಸಿಯಾದಾಗ ಮೆತ್ತಗಾಗಿ, ಹಳ್ಳ ತಿಟ್ಟು ತುಂಬಿಕೊಂಡು ತೆಳುವಾಗುತ್ತದೆ. ಫ್ಲೇಂಜಿನ ಬಣ್ಣ ಸುಡುತ್ತದೆ. ವಾಷರ್ ತನ್ನ ಜಾಗದಲ್ಲಿ ಒತ್ತಿ ಕೂರುತ್ತದೆ. ಹಿಡಿತ ಹೆಚ್ಚಾಗಿ ಕಳೆದುಹೋಗುವುದು ಈ ಮೊದಲ ಒಂದೆರಡು ಬಿಸಿಯಲ್ಲೇ. ಆಮೇಲೆ ಮತ್ತೆ ಟೈಟ್ ಮಾಡಲೇಬೇಕು ಅನ್ನೋದು ಇದಕ್ಕೆ. ಹೆಡರ್ ಹಾಕಿಸಿದ ದಿನ ಎಷ್ಟೇ ಚೆನ್ನಾಗಿ ಮಾಡಿದ್ದರೂ ಎರಡನೇ ಸಲದ ಕೆಲಸ ತಪ್ಪುವುದಿಲ್ಲ. ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಗ್ಯಾಸ್ಕೆಟ್ಟು ನಾರಿನ ಗ್ಯಾಸ್ಕೆಟ್ಟಿಗಿಂತ ಎಷ್ಟೋ ಕಡಿಮೆ ಅಡಗುತ್ತದೆ. ನಿಮ್ಮ ಇಂಜಿನ್ನಿಗೆ ಸಿಕ್ಕಿದರೆ ಅದನ್ನೇ ತಗೊಳ್ಳಿ.

ಗೂಟ ಕೀಳುವ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬೋಲ್ಟು ತಿರುಗಿಯೇ ಇಲ್ಲ. ಹಿಡಿತ ಕಡಿಮೆಯಾಯಿತು ಅಷ್ಟೇ. ಈಗ ತಿರುಗುವ ಕತೆ.

ದನ ಕಟ್ಟುವ ಗೂಟವನ್ನು ಕೀಳುವಾಗ ಯಾರೂ ನೇರ ಮೇಲಕ್ಕೆ ಎಳೆಯುವುದಿಲ್ಲ. ಮೊದಲು ಆಚೆ ಈಚೆ ಅಲ್ಲಾಡಿಸುತ್ತಾರೆ. ಪಕ್ಕಕ್ಕೆ ಅಲುಗಿದ ಗೂಟವನ್ನು ಮಣ್ಣು ಮೇಲಕ್ಕೆ ಬಾರದಂತೆ ಹಿಡಿಯಲಾರದು. 1969ರಲ್ಲಿ ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ಬೋಲ್ಟಿನ ವಿಷಯದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಬೋಲ್ಟಿನ ಉದ್ದಕ್ಕೆ ಎಷ್ಟೇ ಜಗ್ಗಿದರೂ ಅದು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ, ಆದರೆ ಅದು ಹಿಡಿದಿರುವ ಎರಡು ತಟ್ಟೆಗಳು ಪಕ್ಕಕ್ಕೆ ಜಾರಾಡಿದರೆ ತಾನೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರು ಅದಕ್ಕೆಂದೇ ಕಟ್ಟಿದ ಯಂತ್ರದ ಮಾದರಿಯಲ್ಲೇ ಇವತ್ತಿಗೂ ಲಾಕ್ ವಾಷರುಗಳನ್ನು ಪರೀಕ್ಷೆ ಮಾಡುತ್ತಾರೆ.

ತ್ರೆಡ್ ಅಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 8 ಮಿ.ಮೀ. ಬೋಲ್ಟಿನಲ್ಲಿ ಆ ಇಳಿಜಾರು 3 ಡಿಗ್ರಿ ಚಿಲ್ಲರೆ. ಅದರ ಮೇಲೆ ಬೋಲ್ಟು ಜಾರದೆ ನಿಂತಿರುವುದು ಉಜ್ಜಾಟದ ಬಲದಿಂದ. ಫ್ಲೇಂಜು ಪಕ್ಕಕ್ಕೆ ಜಾರಿದ ಆ ಕ್ಷಣ ಉಜ್ಜಾಟವೆಲ್ಲ ಆ ಕಡೆಗೇ ಖರ್ಚಾಗಿ, ಇಳಿಜಾರಿನಲ್ಲಿ ತಡೆಯೋಕೆ ಏನೂ ಉಳಿಯುವುದಿಲ್ಲ. ಬೋಲ್ಟು ಒಂದು ಎಳೆ ಬಿಚ್ಚುತ್ತದೆ. ಇನ್ನೊಂದು ಜಾರು, ಇನ್ನೊಂದು ಎಳೆ. 0.04 ಮಿ.ಮೀ. ಹಿಗ್ಗನ್ನು ಕಳೆಯೋಕೆ ಬೋಲ್ಟು ಎಷ್ಟು ತಿರುಗಬೇಕು? ಲೆಕ್ಕಕ್ಕೆ 12 ಡಿಗ್ರಿ, ಗಡಿಯಾರದ ದೊಡ್ಡ ಮುಳ್ಳು ಎರಡು ನಿಮಿಷಕ್ಕೆ ಸರಿಯುವಷ್ಟು. ಗ್ಯಾಸ್ಕೆಟ್ಟು ಪುಟಿದೇಳುವುದರಿಂದ ನಿಜದಲ್ಲಿ ಸ್ವಲ್ಪ ಜಾಸ್ತಿ ಬೇಕು, ಆದರೂ ಕಣ್ಣಿಗೆ ಕಾಣದಷ್ಟೇ.

ಎರಡೂ ಕತೆ ಕೈಕೈ ಹಿಡಿದುಕೊಂಡೇ ಬರುತ್ತವೆ. ಮೊದಲು ಗ್ಯಾಸ್ಕೆಟ್ಟು ಅಡಗಿ ಹಿಡಿತ ಕಡಿಮೆ. ಹಿಡಿತ ಕಡಿಮೆಯಾದ್ದರಿಂದ ಫ್ಲೇಂಜು ಅಲುಗೋಕೆ ಶುರು. ಅಲುಗಿದ್ದರಿಂದ ಬೋಲ್ಟು ಬಿಚ್ಚೋಕೆ ಶುರು.

ಲಾಕುಗಳು: ಯಾವುದು ಏನು ಮಾಡುತ್ತದೆ

ಈಗ ಅಂಗಡಿಗೆ ಹೋಗೋಣ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ನಿಂತು ಹೆಡರ್ ಬೋಲ್ಟಿಗೆ ಲಾಕ್ ಕೊಡಿ ಅಂದರೆ ಸ್ಪ್ರಿಂಗ್ ವಾಷರ್ ಕೊಡುತ್ತಾರೆ, ಒಂದು ಕಡೆ ಸೀಳಿ ತಿರುಚಿದ್ದು. ಟೈಟ್ ಮಾಡಿದ ಮೇಲೆ ಅದು ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. 1990ರಲ್ಲಿ ನಾಸಾ ತನ್ನ ಇಂಜಿನಿಯರುಗಳಿಗೆ ಪ್ರಕಟಿಸಿದ ಬೋಲ್ಟು ಕೈಪಿಡಿಯಲ್ಲೇ ಇದು ಲಾಕ್ ಆಗಿ ಕೆಲಸಕ್ಕೆ ಬಾರದು ಅಂತ ಹೇಳಿದ್ದಾರೆ. ಇಲ್ಲಿಯ ಬಿಸಿಗೆ ಅದರ ಸ್ಪ್ರಿಂಗ್ ಗುಣವೂ ಉಳಿಯುವುದಿಲ್ಲ.

ನೈಲಾನ್ ರಿಂಗ್ ಇರುವ ನಟ್ಟು ಬೇಡವೇ ಬೇಡ, ನೈಲಾನಿನ ಆಯಸ್ಸು 120 ಡಿಗ್ರಿ ಹತ್ತಿರ ಮುಗಿಯುತ್ತದೆ. ಬೇಕಾದ್ದು ಪೂರ್ತಿ ಲೋಹದ ಲಾಕ್ ನಟ್ಟು. ಅದರ ಬಾಯನ್ನು ಸ್ವಲ್ಪ ಹಿಸುಕಿ ಅಂಡಾಕಾರ ಮಾಡಿರುತ್ತಾರೆ, ತಾಮ್ರ ಲೇಪಿಸಿದ್ದೂ ಸಿಗುತ್ತದೆ.

ತ್ರೆಡ್ಡಿಗೆ ಹಚ್ಚುವ ಅಂಟಿನ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ಸಾಮಾನ್ಯ ನೀಲಿ ಬಣ್ಣದ್ದು 150ರಿಂದ 180 ಡಿಗ್ರಿ ತಡೆಯುತ್ತದೆ. ಕೆಂಪು ಅಂಟನ್ನು ಬಿಡಿಸೋಕೆ ಸುಮಾರು 250 ಡಿಗ್ರಿಗೆ ಕಾಯಿಸಿ ಅಂತಾನೇ ಹೇಳುತ್ತಾರೆ. ಹಾಗಾದರೆ ಹೆಡರಿಗೆ ದಂಡ ಅಲ್ವಾ? ಅರ್ಧ ಹೌದು. ಫ್ಲೇಂಜಿನ ಹೊರಗೆ ಕೂತ ನಟ್ಟಿಗೆ ದಂಡ. ಆದರೆ ಬೋಲ್ಟಿನ ತ್ರೆಡ್ಡು ಕೂತಿರುವುದು ಕೂಲಂಟ್ ಹರಿಯುವ ಹೆಡ್ಡಿನ ಒಳಗೆ, ಅಲ್ಲಿ ಅಷ್ಟು ಬಿಸಿ ಇಲ್ಲ. ಜನರಲ್ ಮೋಟರ್ಸ್ ತನ್ನ ಎಲ್‌ಎಸ್ ವಿ8 ಇಂಜಿನ್ನಿನ ಮ್ಯಾನಿಫೋಲ್ಡ್ ಬೋಲ್ಟಿಗೆ ಅಂಟು ಹಚ್ಚಿಯೇ ಹಾಕಿ ಅಂತ ಹೇಳುತ್ತದೆ.

ತಿರುಗದ ಹಾಗೆ ತಡೆಯುವ ಯಂತ್ರದಂಥ ಲಾಕುಗಳೂ ಇವೆ. ಅಮೆರಿಕದ ಸ್ಟೇಜ್ 8 ಕಂಪನಿಯ ಬೋಲ್ಟಿನ ತಲೆಗೆ ಒಂದು ಸಣ್ಣ ಕೈ ಸಿಕ್ಕಿಸುತ್ತಾರೆ, ಬೋಲ್ಟು ಬಿಚ್ಚೋಕೆ ಹೊರಟರೆ ಅದು ಪಕ್ಕದ ಪೈಪಿಗೆ ತಗುಲಿ ನಿಲ್ಲುತ್ತದೆ. ರೇಸಿನವರು ಬೋಲ್ಟಿನ ತಲೆಯಲ್ಲಿ ತೂತು ಕೊರೆದು ಸ್ಟೇನ್‌ಲೆಸ್ ತಂತಿ ಹೆಣೆಯುತ್ತಾರೆ, ಒಂದು ಬಿಚ್ಚೋಕೆ ಹೋದರೆ ತಂತಿ ಇನ್ನೊಂದನ್ನು ಟೈಟ್ ಮಾಡುವ ದಿಕ್ಕಿಗೆ ಎಳೆಯುತ್ತದೆ. ಇವೆಲ್ಲ ತಿರುಗುವುದನ್ನು ಮಾತ್ರ ತಡೆಯುತ್ತವೆ. ಗ್ಯಾಸ್ಕೆಟ್ಟು ಅಡಗಿ ಕಳೆದುಹೋದ ಹಿಡಿತವನ್ನು ವಾಪಸ್ ತರುವುದಿಲ್ಲ. ತಂತಿ ಕಟ್ಟಿದ ಬೋಲ್ಟು ಒಂದಿಷ್ಟೂ ತಿರುಗದೆ ಲೀಕ್ ಮಾಡಬಲ್ಲದು.

ಸ್ವೀಡನ್ನಿನ ನಾರ್ಡ್-ಲಾಕ್ ವಾಷರಿನ ಬುದ್ಧಿ ನನಗೆ ಇಷ್ಟ. ಎರಡು ವಾಷರ್ ಜೋಡಿ, ಒಳಮುಖದಲ್ಲಿ ಗರಗಸದ ಹಲ್ಲಿನಂಥ ಇಳಿಜಾರು, ಆ ಇಳಿಜಾರು ತ್ರೆಡ್ಡಿನ ಇಳಿಜಾರಿಗಿಂತ ಕಡಿದು. ಬೋಲ್ಟು ಬಿಚ್ಚುವ ಕಡೆಗೆ ತಿರುಗಬೇಕಾದರೆ ಆ ಏರು ಹತ್ತಬೇಕು, ಹತ್ತಿದರೆ ಬೋಲ್ಟು ಇನ್ನೂ ಹಿಗ್ಗಬೇಕು. ಹೀಗಾಗಿ ಅದು ಹೊರಟ ಕಡೆಯೇ ಬಿಗಿಯಾಗುತ್ತದೆ.

ಇದೆಲ್ಲಕ್ಕಿಂತ ಸರಳವಾದ ಉಪಾಯ ಒಂದಿದೆ, ಯಾಕೋ ಜಾಸ್ತಿ ಜನ ಮಾಡುವುದಿಲ್ಲ. ಉದ್ದದ ಬೋಲ್ಟು ಹಾಕಿ, ತಲೆಯ ಕೆಳಗೆ 25 ಮಿ.ಮೀ. ಉದ್ದದ ಉಕ್ಕಿನ ಕೊಳವೆ ತೂರಿಸಿ. ಈಗ ಹಿಗ್ಗುವ ಭಾಗ 20 ಇದ್ದದ್ದು 45 ಮಿ.ಮೀ. ಆಯಿತು, ಅದೇ ಟಾರ್ಕಿಗೆ ಬೋಲ್ಟು ಹಿಗ್ಗುವುದು 0.04 ಬದಲು 0.09 ಮಿ.ಮೀ. ಗ್ಯಾಸ್ಕೆಟ್ಟು 0.02 ಅಡಗಿದರೆ ಮೊದಲು ಅರ್ಧ ಹಿಡಿತ ಹೋಗುತ್ತಿತ್ತು, ಈಗ ಕಾಲು ಭಾಗವೂ ಇಲ್ಲ. ಉದ್ದ ರಬ್ಬರ್ ಬ್ಯಾಂಡು ಸ್ವಲ್ಪ ಸಡಿಲಾದರೆ ಗೊತ್ತಾಗುವುದಿಲ್ಲ, ಗಿಡ್ಡದ್ದಕ್ಕೆ ಅಷ್ಟೇ ಸಾಕು ಕಳಚಿ ಬೀಳೋಕೆ. ಪೈಪುಗಳ ನಡುವೆ ಜಾಗ ಇರಬೇಕು ಅನ್ನೋದೊಂದೇ ಷರತ್ತು.

ಬೋಲ್ಟು ಕೊಳ್ಳುವಾಗ ತಲೆಯ ಮೇಲೆ ಬಲದ ಗುರುತು 8.8 ಅಥವಾ 10.9 ಇದೆಯಾ ನೋಡಿ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ತಗೊಂಡರೆ, ಸಾಮಾನ್ಯವಾಗಿ ಸಿಗುವ ಎ2-70 ಗುರುತಿನದ್ದು 8.8ಕ್ಕಿಂತ ಕಡಿಮೆ ಬಲದ್ದು, ತುಕ್ಕು ಹಿಡಿಯುವುದಿಲ್ಲ ಅಷ್ಟೇ. ಬಿಳಿ ಸತುವಿನ ಲೇಪದ್ದೂ ಬೇಡ, ಸತುವು 420 ಡಿಗ್ರಿಗೆ ಕರಗುತ್ತದೆ.

ಟೈಟ್ ಮಾಡುವ ಬಗೆ

ಇಂಜಿನ್ ಪೂರ್ತಿ ಆರಿರಬೇಕು. ಬಿಸಿ ಅಲ್ಯೂಮಿನಿಯಂ ತ್ರೆಡ್ಡು ಮೆದು, ಕಿತ್ತುಬರುತ್ತದೆ. ಹೆಡ್ಡಿನ ಮುಖದ ಮೇಲಿರುವ ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ. ಫ್ಲೇಂಜಿನ ಮೇಲೆ ಒಂದು ಉಕ್ಕಿನ ಅಡಿಪಟ್ಟಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ, ಬೆಳಕು ತೂರಿದ ಕಡೆ ಫ್ಲೇಂಜು ಬಾಗಿದೆ ಅಂತ ಅರ್ಥ. ಬಾಗಿದ ಫ್ಲೇಂಜನ್ನು ಬೋಲ್ಟಿನಿಂದ ಎಳೆದು ನೇರ ಮಾಡೋಕೆ ಹೋಗಬೇಡಿ, ಲೇತ್ ಅಂಗಡಿಗೆ ಒಯ್ದು ಮುಖ ಸಮ ಮಾಡಿಸಿ.

ಎಲ್ಲ ಬೋಲ್ಟನ್ನೂ ಮೊದಲು ಬೆರಳಿನಲ್ಲೇ ಪೂರ್ತಿ ತಿರುಗಿಸಿ. ಆಮೇಲೆ ಮಧ್ಯದಿಂದ ಶುರುಮಾಡಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ತುದಿಯ ಕಡೆಗೆ ಹೋಗಿ. ಚಾಪೆ ಹಾಸುವಾಗ ಮಧ್ಯದಿಂದ ಅಂಚಿಗೆ ಸವರುತ್ತೀವಲ್ಲ, ಹಾಗೆ. ಎಲ್‌ಎಸ್ ಇಂಜಿನ್ನಿಗೆ ಕಂಪನಿ ಹೇಳುವುದು ಎರಡು ಸುತ್ತು, ಮೊದಲು 15 ನ್ಯೂಟನ್ ಮೀಟರ್, ಆಮೇಲೆ 25. ನಿಮ್ಮ ಇಂಜಿನ್ನಿನ ಅಂಕಿ ಬೇರೆ ಇರುತ್ತದೆ, ಸರ್ವಿಸ್ ಮ್ಯಾನುಯಲ್ ನೋಡಿ, ಊಹೆ ಬೇಡ. ತ್ರೆಡ್ಡು ಕಚ್ಚದಿರಲಿ ಅಂತ ತಾಮ್ರದ ಅಥವಾ ನಿಕಲ್ಲಿನ ಪೇಸ್ಟ್ ಹಚ್ಚಿದರೆ, ಅಂಕಿ ಒಣ ಬೋಲ್ಟಿನದ್ದಾಗಿದ್ದಾಗ ಸುಮಾರು ಕಾಲು ಭಾಗ ಕಡಿಮೆ ಮಾಡಬೇಕು. ಅಂಟು, ಪೇಸ್ಟ್ ಎರಡನ್ನೂ ಒಟ್ಟಿಗೆ ಹಚ್ಚುವವರಿದ್ದಾರೆ, ಅಂಟಿಸುವುದೂ ಜಾರಿಸುವುದೂ ಒಟ್ಟಿಗೆ ಆಗೋದು ಹೇಗೆ ಅಂತ ಅವರೇ ಹೇಳಬೇಕು.

ಆಮೇಲೆ ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ರಾತ್ರಿಯಿಡೀ ಆರಲು ಬಿಡಿ. ಬೆಳಿಗ್ಗೆ ಅದೇ ಕ್ರಮದಲ್ಲಿ, ಅದೇ ಟಾರ್ಕಿಗೆ ಮತ್ತೊಮ್ಮೆ. ಹೆಚ್ಚು ಟಾರ್ಕಿಗೆ ಅಲ್ಲ, ಅದೇ ಟಾರ್ಕಿಗೆ. ನಾನು 150 ಕಿ.ಮೀ. ಆದ ಮೇಲೆ ಒಂದು ಸಲ, 500ಕ್ಕೆ ಒಂದು ಸಲ, ಆಮೇಲೆ ಪ್ರತಿ ಆಯಿಲ್ ಬದಲಾಯಿಸುವಾಗ ನೋಡುತ್ತೇನೆ. ಅಂಟು ಹಚ್ಚಿದ್ದಾದರೆ ಹೀಗೆ ಮತ್ತೆ ಮತ್ತೆ ತಿರುಗಿಸಬಾರದು, ತಿರುಗಿಸಿದರೆ ಗಟ್ಟಿಯಾದ ಅಂಟು ಒಡೆಯುತ್ತದೆ. ಪ್ರತಿ ಬೋಲ್ಟಿನ ತಲೆಯ ಮೇಲೂ ಅದರ ಪಕ್ಕ ಫ್ಲೇಂಜಿನ ಮೇಲೂ ಸೆಂಟರ್ ಪಂಚಿನಿಂದ ಒಂದೊಂದು ಚುಕ್ಕಿ ಹೊಡೆದಿದ್ದೇನೆ. ಎರಡು ಚುಕ್ಕಿ ಎದುರುಬದುರು ಇದ್ದರೆ ಬೋಲ್ಟು ತಿರುಗಿಲ್ಲ. ಬಣ್ಣದ ಗೆರೆ ಎಳೆದರೆ ಇಲ್ಲಿ ಸುಟ್ಟು ಹೋಗುತ್ತದೆ.

ಲೀಕ್ ಹಿಡಿಯುವುದು

ಟಿಕ್ ಟಿಕ್ ಸದ್ದು ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಮಾಯ ಅಂದರೆ ಅನುಮಾನ ಇಲ್ಲಿಗೇ ಬರಬೇಕು. ಲೋಹ ಬೆಳೆದು ಸಂದು ತಾನೇ ಮುಚ್ಚಿಕೊಂಡಿದೆ, ಅಷ್ಟೇ. ಗಿಯರ್ ಹಾಕಿ ಒತ್ತಿದಾಗ ಜಾಸ್ತಿಯಾಗುತ್ತದೆ. ಫ್ಲೇಂಜಿನ ಅಂಚಿನಲ್ಲಿ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ ಕಂಡರೆ ಕಿವಿಯೂ ಬೇಡ.

ಸದ್ದೊಂದೇ ತೊಂದರೆ ಅಲ್ಲ. ಎರಡು ಗುಕ್ಕಿನ ನಡುವೆ ಪೈಪಿನಲ್ಲಿ ಎಳೆತ ಇರುತ್ತದೆ ಅಂದೆನಲ್ಲ, ಆಗ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮುಂದೆ ಕೂತ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ, ಪೆಟ್ರೋಲ್ ಕಡಿಮೆಯಾಗಿದೆ ಅಂತ ತಪ್ಪು ತಿಳಿದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಇನ್ನೊಂದು, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿ ಲೀಕ್ ಹುಡುಕಬೇಡಿ.

ಹುಡುಕೋಕೆ ನನಗೆ ಸುಲಭ ಅನಿಸಿದ್ದು ಸೋಪಿನ ನೀರು. ಇಂಜಿನ್ ಆಫ್, ಪೂರ್ತಿ ತಣ್ಣಗೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಊದುವ ಕಡೆಗೆ ಹಾಕಿ ಸೈಲೆನ್ಸರಿನ ಬಾಲಕ್ಕೆ ಬಟ್ಟೆ ಸುತ್ತಿ ಸಿಕ್ಕಿಸಿ. ಫ್ಲೇಂಜಿನ ಸುತ್ತ ಸೋಪಿನ ನೀರು ಚಿಮುಕಿಸಿ. ಸಂದು ಇರುವ ಕಡೆ ಗುಳ್ಳೆ ಏಳುತ್ತದೆ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದ ಹಾಗೆ.

ಎಂಟನೇ ಬೋಲ್ಟು

ನನ್ನ ಕಾರಿನ ಕಿತ್ತುಹೋದ ತ್ರೆಡ್ಡಿಗೆ ಉಕ್ಕಿನ ಸುರುಳಿ ತ್ರೆಡ್ ಕೂರಿಸಿದರು. ಅಲ್ಯೂಮಿನಿಯಂಗಿಂತ ಅದೇ ಗಟ್ಟಿ. ಎಂಟೂ ಬೋಲ್ಟಿನ ಬದಲು ಸ್ಟಡ್ ಹಾಕಿಸಿದೆ, ಎರಡೂ ಕಡೆ ತ್ರೆಡ್ಡಿರುವ ಸರಳು. ಒಂದು ಕಡೆ ಹೆಡ್ಡಿನಲ್ಲಿ ಕೂತರೆ ಮತ್ತೆ ಕದಲಿಸುವುದಿಲ್ಲ, ಬಿಚ್ಚುವುದು ಹಾಕುವುದು ಹೊರಗಿನ ನಟ್ಟನ್ನು ಮಾತ್ರ. ಹೊಸ ಗ್ಯಾಸ್ಕೆಟ್, ಲೋಹದ ಲಾಕ್ ನಟ್ಟು, ಟಾರ್ಕ್ ರೆಂಚು, ಮಾರನೇ ಬೆಳಿಗ್ಗೆ ಇನ್ನೊಂದು ಸುತ್ತು. ಎಲ್ಲ ಶಾಸ್ತ್ರೋಕ್ತ.

500 ಕಿ.ಮೀ.ಗೆ ನೋಡಿದಾಗ ಏಳು ನಟ್ಟಿನ ಚುಕ್ಕಿ ನೇರ ಇದ್ದವು. ಎಂಟನೆಯದು ಸರಿದಿತ್ತು.

ತಲೆ ಕೆಟ್ಟು ಕಾರಿನ ಕೆಳಗೆ ಮಲಗಿದೆ. ಗೆಳೆಯನಿಗೆ ಇಂಜಿನ್ ರೇಸ್ ಮಾಡು ಅಂದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಸ್ವಲ್ಪ ಹೊರಳುತ್ತದೆ, ಅದು ಸಹಜ. ಪೈಪೂ ಅದರ ಜೊತೆ ತೂಗಬೇಕು. ನನ್ನದರಲ್ಲಿ ಹಿಂದಿನ ಅರ್ಧ ತೂಗುತ್ತಲೇ ಇರಲಿಲ್ಲ. ಹೆಡರ್ ಮುಗಿದ ಕೂಡಲೇ ಪೈಪನ್ನು ಹಿಡಿದಿರಬೇಕಾದ ರಬ್ಬರ್ ಹ್ಯಾಂಗರ್ ಹರಿದು ಬಿದ್ದು ಎಷ್ಟು ದಿನವಾಗಿತ್ತೋ, ಮಧ್ಯದ ಸೈಲೆನ್ಸರಿನ ಭಾರವೆಲ್ಲ ಸನ್ನೆಕೋಲಿನ ಹಾಗೆ ಹೆಡರಿನ ಆ ಒಂದು ಮೂಲೆಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಗೂಟ ಅಲ್ಲಾಡಿಸುವವನು ಅಲ್ಲಿದ್ದ. ನಾನು ಒಂದು ವರ್ಷ ಗೂಟಕ್ಕೆ ಸುತ್ತಿಗೆ ಹೊಡೆಯುತ್ತಿದ್ದೆ.

ಹ್ಯಾಂಗರ್ ರಬ್ಬರಿಗೆ ಎಂಬತ್ತು ರೂಪಾಯಿ ಆಯಿತು. ತ್ರೆಡ್ ರಿಪೇರಿಗೆ ಎಷ್ಟಾಯಿತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.